ಕ್ಷೇತ್ರವಿಲ್ಲದ ಅಭ್ಯರ್ಥಿ

ಕಳೆದ ತಿಂಗಳು ನ್ಯಾಮತಿ ತಾಲ್ಲೂಕು ಕಚೇರಿಯಲ್ಲಿ ನನ್ನ ಮೇಜಿಗೆ ಬಂದ ನಮೂನೆ ಏಳರ ಅರ್ಜಿಗಳಲ್ಲಿ ಒಂದು ಅವರದಾಗಿತ್ತು. ಮತದಾರರ ಪಟ್ಟಿಯಿಂದ ಹೆಸರು ತೆಗೆಸಲು ಕೊಡುವ ಅರ್ಜಿ ಅದು. ಕಾರಣದ ಜಾಗದಲ್ಲಿ ‘ಮರಣ’ ಎಂದು ಬರೆದಿತ್ತು. ಅರ್ಜಿ ಕೊಟ್ಟವರು ಹೆಂಡತಿ. ಇಂಥ ಅರ್ಜಿಗಳಲ್ಲಿ ಹೆಸರು ಓದದೆ ಬರೀ ಭಾಗದ ಸಂಖ್ಯೆ, ಕ್ರಮಸಂಖ್ಯೆ ನೋಡಿ ಮುಂದಕ್ಕೆ ಸಾಗಿಸುವುದು ನನಗೆ ರೂಢಿಯಾಗಿಬಿಟ್ಟಿದೆ. ಅವತ್ತೂ ಹಾಗೇ ಮಾಡಿದೆ. ಮುಂದಿನ ಅರ್ಜಿ ಕೈಗೆ ತೆಗೆದುಕೊಂಡ ಮೇಲೆ, ಆಗಲೇ ನೋಡಿದ ಆ ಸಂಖ್ಯೆ ನನಗೆ ಬಾಯಿಪಾಠವಾಗಿರುವಂಥದ್ದು ಅನ್ನಿಸಿತು. ಹಿಂದಕ್ಕೆ ತಿರುಗಿಸಿ ಹೆಸರು ಓದಿದೆ.

ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಸುತ್ತಲಿನ ನಲವತ್ತು ಹಳ್ಳಿಗಳಲ್ಲಿ ಅವರನ್ನು ಹೆಸರು ಹಿಡಿದು ಕರೆದವರೂ ಕಡಿಮೆ. ಎಲ್ಲರಿಗೂ ಅವರು ಮೇಷ್ಟ್ರು. ಇಪ್ಪತ್ತು ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿ, ನಲವತ್ತೈದರ ಹತ್ತಿರ ಬಂದಾಗ ನೌಕರಿಗೆ ರಾಜೀನಾಮೆ ಕೊಟ್ಟು ವಿಧಾನಸಭೆ ಚುನಾವಣೆಗೆ ನಿಂತವರು. ನಿಂತದ್ದು ಒಂದೇ ಸಲ. ಸೋತರು. ಮತ್ತೆ ನಿಲ್ಲಬೇಕೆನ್ನುವಷ್ಟರಲ್ಲಿ ಆ ಕ್ಷೇತ್ರವೇ ಇರಲಿಲ್ಲ.

ನಾನು ಕಂದಾಯ ಇಲಾಖೆಯ ಒಬ್ಬ ಸಾಧಾರಣ ನೌಕರಳು. ಗಂಡ ತೀರಿಕೊಂಡ ಮೇಲೆ ಅನುಕಂಪದ ಮೇಲೆ ಸಿಕ್ಕ ಕೆಲಸ. ಮೊದಲ ದಿನವೇ ಚುನಾವಣಾ ಶಾಖೆಗೆ ಹಾಕಿದರು, ಅಲ್ಲಿಂದ ಎದ್ದದ್ದೇ ಇಲ್ಲ. ಊರು ಮಾತ್ರ ಬದಲಾಯಿತು. ಚನ್ನಗಿರಿ, ಜಗಳೂರು, ಹೊನ್ನಾಳಿ, ಈಗ ನ್ಯಾಮತಿ. ನಾಲ್ಕು ಊರು, ನಾಲ್ಕು ಬಾಡಿಗೆ ಕೋಣೆ. ಈ ನಾಲ್ಕೂ ಊರುಗಳಲ್ಲಿ ನನಗೆ ಸಿಕ್ಕ ಒಬ್ಬರೇ ಮನುಷ್ಯರೆಂದರೆ ಮೇಷ್ಟ್ರು.

ಮೊದಲು ಬಂದದ್ದು ಚನ್ನಗಿರಿಯಲ್ಲಿ. ಕ್ಷೇತ್ರಗಳ ಗಡಿ ಹೊಸದಾಗಿ ಗುರುತಿಸುವ ಕೆಲಸ ನಡೆದಿತ್ತು, ಕರಡು ಪಟ್ಟಿ ನಮ್ಮ ಕಚೇರಿಗೆ ಬಂದಿತ್ತು. ಅದನ್ನು ಸಾರ್ವಜನಿಕರು ನೋಡಲೆಂದು ದಾರದಿಂದ ಪುಸ್ತಕದಂತೆ ಹೊಲಿದು ಶಾಖೆಯ ಹೊರಗಿನ ಬೆಂಚಿನ ಮೇಲೆ ಇಟ್ಟಿದ್ದೆ. ಅಡಿಕೆ ಮಂಡಿಗೆ ಬಂದವರು ಕೆಲವರು ನೋಡಿ ಹೋಗುತ್ತಿದ್ದರು, ಅದೂ ಸುಮ್ಮನೆ. ಒಂದು ಮಧ್ಯಾಹ್ನ ತೆಳ್ಳಗಿನ, ಎತ್ತರದ ಮನುಷ್ಯರೊಬ್ಬರು ಬಂದು ಪುಟಗಳನ್ನು ಒಂದೊಂದಾಗಿ ತಿರುಗಿಸುತ್ತಾ ನಿಂತರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೇಬಿನಲ್ಲಿ ಒಂದು ನೀಲಿ ಪೆನ್ನು, ಒಂದು ಕೆಂಪು ಪೆನ್ನು. ಕೊನೆಯ ಪುಟ ಮುಟ್ಟಿದ ಮೇಲೆ ಪುಸ್ತಕ ಹಿಡಿದುಕೊಂಡು ಒಳಗೆ ಬಂದರು.

“ಮೇಡಂ, ನಮ್ ಕ್ಷೇತ್ರ ಯಾವ ಪುಟದಾಗೈತೆ?” ಎಂದು ಕೇಳಿ ಕ್ಷೇತ್ರದ ಹೆಸರು ಹೇಳಿದರು.

ಅದು ಮೂರು ತಾಲ್ಲೂಕುಗಳ ಅಂಚಿನ ಹಳ್ಳಿಗಳನ್ನು ಸೇರಿಸಿ ಮಾಡಿದ್ದ ಮೀಸಲು ಕ್ಷೇತ್ರ. ಅದರೊಳಗೆ ದೊಡ್ಡ ಪೇಟೆ ಅನ್ನುವಂಥದ್ದು ಒಂದೂ ಇರಲಿಲ್ಲ. ನಾನು ಎರಡು ಸಲ ಹುಡುಕಿದೆ. ಒಂದು ಸಂಖ್ಯೆಯಾದ ಮೇಲೆ ಮುಂದಿನ ಸಂಖ್ಯೆ ಸರಿಯಾಗೇ ಇತ್ತು. ನಡುವೆ ಏನೋ ಬಿಟ್ಟುಹೋಗಿದೆ ಎಂದು ತೋರಿಸುವ ಗುರುತೇನೂ ಅಲ್ಲಿರಲಿಲ್ಲ. ಇದರಲ್ಲಿ ಇಲ್ಲ ಸರ್ ಎಂದೆ. ಅಚ್ಚಿನ ತಪ್ಪಿರಬಹುದು, ಇನ್ನೊಂದು ಸಲ ನೋಡಿ ಎಂದರು. ನೋಡಿದೆ. ಆಗ ಅವರೇ ಪುಸ್ತಕ ತೆಗೆದುಕೊಂಡು, ಚೀಲದಿಂದ ಒಂದು ನೋಟ್‌ಬುಕ್ ತೆಗೆದು, ತಮ್ಮ ಕ್ಷೇತ್ರದಲ್ಲಿದ್ದ ಒಂದೊಂದು ಹಳ್ಳಿಯೂ ಯಾವ ಕ್ಷೇತ್ರದ ಕೆಳಗೆ ಸೇರಿದೆ ಎಂದು ಹುಡುಕಿ ಬರೆದುಕೊಳ್ಳತೊಡಗಿದರು. ನಿಂತೇ ಬರೆದರು. ಕುರ್ಚಿ ಕೊಟ್ಟರೂ ಕೂರಲಿಲ್ಲ. ಕಚೇರಿ ಮುಚ್ಚುವ ಹೊತ್ತಿಗೆ ಮುಗಿಯಿತು. ಕೆಲವು ಹಳ್ಳಿ ಚನ್ನಗಿರಿಗೆ ಹೋಗಿದ್ದವು, ಕೆಲವು ಹೊನ್ನಾಳಿಗೆ, ಉಳಿದವು ಇನ್ನೊಂದು ಕಡೆಗೆ. ನೋಟ್‌ಬುಕ್ ಮುಚ್ಚಿ ಅವರು ಹೇಳಿದ ಮಾತು ನನಗೆ ಇವತ್ತಿಗೂ ನೆನಪಿದೆ.

“ಊರು ಒಂದೂ ಕಳದಿಲ್ಲ ಮೇಡಂ. ಎಲ್ಲಾ ಅದಾವೆ. ಒಟ್ಟಿಗೆ ಇಲ್ಲ, ಅಷ್ಟೆ.”

ಹೋಗುವಾಗ ನೀರು ಕೇಳಿದರು. ಕುಡಿದು, ಹೊರಗೆ ನಲ್ಲಿಯ ಹತ್ತಿರ ಹೋಗಿ ಲೋಟ ತೊಳೆದು ತಂದಿಟ್ಟರು. ಬೇಡ ಎಂದರೂ ಕೇಳಲಿಲ್ಲ. ಮುಂದೆ ಎಷ್ಟೋ ಸಲ ಚಹದಂಗಡಿಯಲ್ಲೂ ಹಾಗೇ ಮಾಡುವುದನ್ನು ನೋಡಿ, ನಿಮ್ಮ ವಿನಯ ಅತಿಯಾಯಿತು ಎಂದು ತಮಾಷೆ ಮಾಡಿದ್ದೆ. ಅವರು ನಗಲಿಲ್ಲ. ಚಿಕ್ಕಂದಿನಲ್ಲಿ ಊರಿನ ಹೋಟೆಲಿನಲ್ಲಿ ತಮ್ಮ ಕೇರಿಯವರು ಕುಡಿದ ಲೋಟ ತೊಳೆದಿಟ್ಟೇ ಹೋಗಬೇಕಿತ್ತಂತೆ. ಈಗ ಯಾರೂ ಹಾಗೆ ಹೇಳುವುದಿಲ್ಲ, ಆದರೆ ಕೈ ಮಾತು ಕೇಳುವುದಿಲ್ಲ ಎಂದರು.

ಕರಡಿಗೆ ಆಕ್ಷೇಪಣೆ ಸಲ್ಲಿಸಲು ಅವಕಾಶವಿತ್ತು. ಮೂರನೇ ದಿನ ನಾಲ್ಕು ಹಾಳೆಯ ಅರ್ಜಿ ತಂದುಕೊಟ್ಟರು. ಶಾಲೆಯ ಕರಿಹಲಗೆಯ ಮೇಲೆ ಬರೆದಂಥ ದುಂಡಗಿನ ಅಕ್ಷರ, ಒಂದು ಹೊಡೆದುಹಾಕಿದ ಪದವಿಲ್ಲ. ಮೊಹರು ಹಾಕಿ ಸ್ವೀಕೃತಿ ಕೊಡುವ ಮುಂಚೆ ಓದಿದೆ. ತಾವು ಅಲ್ಲಿ ಅಭ್ಯರ್ಥಿಯಾಗಿದ್ದವರು ಎಂಬ ಮಾತನ್ನೇ ಅವರು ಬರೆದಿರಲಿಲ್ಲ. ನಮ್ಮ ಜನ ಇನ್ನು ಮುಂದೆ ಮೂರು ಕಡೆ ಮತ ಹಾಕುವವರಾಗಿ ಉಳಿಯುತ್ತಾರೆ, ಒಂದು ಕಡೆಯೂ ಮತ ಕೇಳುವವರಾಗುವುದಿಲ್ಲ ಎಂದಿತ್ತು. ಅವರು ಚುನಾವಣೆಗೆ ನಿಂತು ಸೋತವರು, ಸೋತ ಅಂತರ ಒಂದು ಸಣ್ಣ ಊರಿನ ಓಟಿಗಿಂತ ಕಡಿಮೆ ಎಂಬುದೆಲ್ಲ ನನಗೆ ಗೊತ್ತಾದದ್ದು ಕಚೇರಿಯ ಜವಾನನಿಂದ. ಸೋತ ಮರುವಾರವೇ ಸೈಕಲ್ ಮೇಲೆ ಎಲ್ಲ ಹಳ್ಳಿಗೂ ಹೋಗಿ, ಓಟು ಹಾಕಿದ ಕೇರಿಗೂ ಹಾಕದ ಕೇರಿಗೂ ಕೈ ಮುಗಿದು ಬಂದಿದ್ದರಂತೆ. ಅಲ್ಲಿಂದ ಮುಂದೆ ಗೆದ್ದವರಂತೆ ಓಡಾಡಿದರಂತೆ. ಪಿಂಚಣಿ ಬಾರದ ಮುದುಕಿಯರ ಅರ್ಜಿ ಬರೆಯುವುದು, ಶಾಲೆ ಬಿಟ್ಟ ಹೆಣ್ಣುಮಕ್ಕಳನ್ನು ಮತ್ತೆ ಸೇರಿಸುವುದು, ಆಸ್ಪತ್ರೆಗೆ ಜೊತೆಗೆ ಹೋಗುವುದು. ಮುಂದಿನ ಸಲ ಮೇಷ್ಟ್ರೇ ಎಂದು ಎದುರು ಪಕ್ಷದವರೂ ಒಪ್ಪಿಕೊಂಡಿದ್ದ ಕಾಲ ಅದು.

ಅಹವಾಲು ಕೇಳುವ ದಿನ ಅವರಿಗೂ ಕರೆ ಬಂತು. ಬೆಳಿಗ್ಗೆಯಿಂದ ಕಾದು ಸಂಜೆ ಮುಂದೆ ಎರಡು ನಿಮಿಷ ಮಾತಾಡಿ ಬಂದರು. ಅಲ್ಲಿದ್ದ ಅಧಿಕಾರಿ ಬಹಳ ಮರ್ಯಾದೆಯಿಂದ, ಜನಸಂಖ್ಯೆಯ ಲೆಕ್ಕ ವಿವರಿಸಿ, ನಿಮ್ಮ ಮಾತು ದಾಖಲಾಗಿದೆ ಎಂದರಂತೆ. ದಾಖಲಾಗಿದೆ ಎಂಬ ಪದವನ್ನು ಮೇಷ್ಟ್ರು ಎರಡು ಸಲ ಹೇಳಿದರು. ಅವರಿಗೆ ಕಾಗದದ ಮೇಲೆ ನಂಬಿಕೆ. ಅಂತಿಮ ಪಟ್ಟಿ ಬಂದ ದಿನ ಮೊದಲು ನೋಡಲು ಬಂದವರೂ ಅವರೇ. ಒಂದಕ್ಷರವೂ ಬದಲಾಗಿರಲಿಲ್ಲ.

ಅವರು ಇಷ್ಟು ಹೊತ್ತು ಓದುತ್ತಿದ್ದ ಇನ್ನೊಂದು ಪುಸ್ತಕವೆಂದರೆ ಮತದಾರರ ಪಟ್ಟಿ. ಪಟ್ಟಿ ಪರಿಷ್ಕರಣೆಯ ಕಾಲ ಬಂದರೆ ಕೆಂಪು ಪೆನ್ನು ಹಿಡಿದು ಕೂರುತ್ತಿದ್ದರು. ಹೆಸರು ತಪ್ಪಾಗಿ ಅಚ್ಚಾಗಿದ್ದರೆ ಗುರುತು ಹಾಕಿ, ಆಯಾ ಮನೆಗೆ ಹೋಗಿ ತಿದ್ದುಪಡಿ ಅರ್ಜಿಗೆ ಸಹಿ ಹಾಕಿಸಿ, ಕಟ್ಟು ಕಟ್ಟಿ ತಂದುಕೊಡುತ್ತಿದ್ದರು. ತಿಪ್ಪಮ್ಮ ತಪ್ಪಮ್ಮ ಆಗಿದ್ದರೆ ಅವರಿಗೆ ತಡೆಯುತ್ತಿರಲಿಲ್ಲ. ಇಷ್ಟೆಲ್ಲ ಯಾಕೆ ಎಂದು ನಾನು ಒಮ್ಮೆ ಬೇಸರದಿಂದಲೇ ಕೇಳಿದ್ದೆ, ಕೆಲಸ ಹೆಚ್ಚುತ್ತಿದ್ದದ್ದು ನನಗೆ. “ತರಗತ್ಯಾಗೆ ಹಾಜರಿ ಕೂಗೋವಾಗ ಹೆಸರು ತಪ್ಪು ಕೂಗಿದ್ರೆ ಆ ಮಗು ಹಾಜರಿ ಹೇಳಲ್ಲ ಮೇಡಂ, ಸುಮ್ನೆ ಕುಂತ್ಕಂತೈತೆ,” ಎಂದರು.

ಆ ವರ್ಷವೇ ನನಗೆ ಜಗಳೂರಿಗೆ ವರ್ಗವಾಯಿತು. ಹೊಸ ಗಡಿಯ ಮೇಲೆ ಮೊದಲ ಚುನಾವಣೆ ಬಂತು. ಮೇಷ್ಟ್ರ ಹಳ್ಳಿಗಳು ಹೋಗಿ ಸೇರಿದ್ದವು ಸಾಮಾನ್ಯ ಕ್ಷೇತ್ರಗಳಿಗೆ. ಅಲ್ಲಿ ಅವರ ಜನದ ಒಬ್ಬರಿಗೆ ಟಿಕೆಟ್ ಕೊಡುವ ಯೋಚನೆ ಯಾವ ಪಕ್ಷಕ್ಕೂ ಇರಲಿಲ್ಲ. ಸ್ವಲ್ಪ ದೂರದ ಮೀಸಲು ಕ್ಷೇತ್ರವೊಂದರಲ್ಲಿ ಕೇಳಿದರಂತೆ. ಅಲ್ಲಿಯ ಆಕಾಂಕ್ಷಿಗಳು ಮೇಷ್ಟ್ರು ಒಳ್ಳೆಯವರೇ, ಆದರೆ ಹೊರಗಿನವರು ಎಂದರಂತೆ. ಪಕ್ಷದ ಹಿರಿಯರು ಭುಜ ತಟ್ಟಿ, ನಿಮ್ಮ ಅನುಭವ ನಮಗೆ ಬೇಕು ಎಂದು ಹೇಳಿ, ಪ್ರಚಾರದ ಉಸ್ತುವಾರಿ ಮಾಡಿ ಕಳಿಸಿದ್ದು ಜಗಳೂರಿಗೆ. ಅವರ ಊರಿಂದ ಎರಡು ಬಸ್ಸು ಬದಲಿಸಿ ಬರಬೇಕಾದ ಊರು.

ಒಂದು ಬೆಳಿಗ್ಗೆ ಬಸ್ ನಿಲ್ದಾಣದ ಎದುರು ಅವರ ಪಕ್ಷದ ತಾತ್ಕಾಲಿಕ ಕಚೇರಿಯ ಮುಂದೆ ಮೇಷ್ಟ್ರು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತದ್ದು ಕಂಡಿತು. ಒಳಗೆ ಜನ ಗಿಜಿಗುಡುತ್ತಿದ್ದರು. ಜೀಪುಗಳು ತುಂಬಿಕೊಂಡು ಹೊರಡುತ್ತಿದ್ದವು. ಇವರನ್ನು ಯಾರೂ ಹತ್ತಿಸಿಕೊಳ್ಳುತ್ತಿರಲಿಲ್ಲ, ಯಾರೂ ಇಳಿಸಿಯೂ ಇರಲಿಲ್ಲ. ನನ್ನನ್ನು ಕಂಡು ಎದ್ದು ನಿಂತ ರೀತಿ ನೋಡಿದರೆ ಆ ಊರಿನಲ್ಲಿ ಅವರಿಗೆ ಗುರುತಿನ ಮುಖ ನನ್ನದೊಂದೇ ಎಂದು ತಿಳಿಯುತ್ತಿತ್ತು. ನನಗೂ ಹಾಗೇ ಇತ್ತು. ನಾನು ಆ ಊರಿಗೆ ಹೋಗಿ ಎಂಟು ತಿಂಗಳಾಗಿದ್ದರೂ ಕಚೇರಿಯ ಕೆಲಸ ಬಿಟ್ಟು ಬೇರೆ ಮಾತು ಯಾರ ಹತ್ತಿರವೂ ಆಡಿರಲಿಲ್ಲ.

ಆ ಒಂದು ತಿಂಗಳಲ್ಲಿ ಏಳೆಂಟು ಸಲ ಸಂಜೆ ನಿಲ್ದಾಣದ ಚಹದಂಗಡಿಯಲ್ಲಿ ಕೂತಿದ್ದೇವೆ. ಕುರಿ ಹಿಂಡು ರಸ್ತೆ ದಾಟಿ ಹೋಗುವ ತನಕ ಬಸ್ಸುಗಳು ಕಾಯುತ್ತಿದ್ದವು, ಧೂಳು ಚಹದ ಮೇಲೆ ಕೂರುತ್ತಿತ್ತು. ಅದನ್ನು ಸ್ನೇಹ ಅನ್ನಬಹುದೋ ಏನೋ. ಅವರು ಕೊನೆಯ ತನಕ ನನ್ನನ್ನು ಮೇಡಂ ಎಂದೇ ಕರೆದರು, ನಾನು ಸರ್ ಎಂದೇ ಕರೆದೆ. ಚುನಾವಣಾ ಶಾಖೆಯವಳು ರಾಜಕೀಯದವರ ಜೊತೆ ಚಹ ಕುಡಿಯಬಾರದು ಎಂಬ ಎಚ್ಚರ ನನಗಿತ್ತು. ಆದರೆ ಅವರಲ್ಲಿ ರಾಜಕೀಯ ಅನ್ನುವುದು ಅಷ್ಟು ಹೊತ್ತಿಗೆ ಏನು ಉಳಿದಿತ್ತು?

“ಇಲ್ಲಿ ಯಾರ ಮನಿ ಯಾವ್ದು ಅಂತ್ಲೇ ಗೊತ್ತಿಲ್ಲ ಮೇಡಂ, ಓಟು ಹೆಂಗೆ ಕೇಳಾಕೆ ಆಗ್ತೈತೆ?” ಎಂದು ಒಂದು ದಿನ ಹೇಳಿದರು. “ನಮ್ ಕಡೆ ಮನಿ ಮುಂದೆ ನಿಂತ್ರೆ ಒಳಗೆ ಯಾರು ಕೆಮ್ತಾರೆ ಅಂತ ತಿಳೀತಿತ್ತು.”

ಮೆಕ್ಕೆಜೋಳ ಒಣಗಿಸುತ್ತಿದ್ದ ಒಂದು ಹಳ್ಳಿಯಲ್ಲಿ ಅವರು ಒಬ್ಬರೇ ಮನೆ ಮನೆಗೆ ಹೋಗುತ್ತಿದ್ದಾಗ ಕುರಿ ಕಾಯುವ ಹಿರಿಯರೊಬ್ಬರು, ನಿಮ್ಮದು ಯಾವ ಕ್ಷೇತ್ರ ಎಂದು ಕೇಳಿದರಂತೆ. ಇವರು ಥಟ್ಟನೆ ಹಳೆಯ ಹೆಸರನ್ನೇ ಹೇಳಿದರಂತೆ. ಆ ಹಿರಿಯರು, ಅಂಥದ್ದೊಂದು ಐತಾ, ನಾ ಕೇಳೇ ಇಲ್ಲ ಅಂದರಂತೆ. ಇದನ್ನು ಹೇಳಿ ಮೇಷ್ಟ್ರು ನಗಲು ನೋಡಿದರು. ಆಮೇಲೆ ಕೆಂಪು ಪೆನ್ನು ತೆಗೆದು, ತಾವು ಯಾರನ್ನೂ ಅರಿಯದ ಆ ಹಳ್ಳಿಯ ಪಟ್ಟಿಯಲ್ಲಿ ತಪ್ಪಾಗಿ ಅಚ್ಚಾದ ಹೆಸರುಗಳನ್ನು ನನಗೆ ತೋರಿಸಿದರು. ಮತ ಎಣಿಕೆಯ ಮುಂಚಿನ ದಿನವೇ ಊರಿಗೆ ಹೊರಟುಹೋದರು. ಯಾರು ಗೆದ್ದರೂ ಅಲ್ಲಿ ಅವರನ್ನು ಹುಡುಕುವವರು ಇರಲಿಲ್ಲ.

ಅದರ ಮುಂದಿನ ಚುನಾವಣೆಯ ಹೊತ್ತಿಗೆ ನಾನು ಹೊನ್ನಾಳಿಯಲ್ಲಿದ್ದೆ. ತುಂಗಭದ್ರೆಗೆ ಹತ್ತಿರವೇ ಒಂದು ಕೋಣೆ ಹಿಡಿದು, ನನ್ನ ಹೆಸರನ್ನೂ ಅಲ್ಲಿಯ ಮತದಾರರ ಪಟ್ಟಿಗೆ ಸೇರಿಸಿಕೊಂಡಿದ್ದೆ. ಪಟ್ಟಿ ಅಚ್ಚಾಗಿ ಬಂದಾಗ ನನ್ನ ಹೆಸರೇ ತಪ್ಪಾಗಿತ್ತು. ನಾನು ಗಮನಿಸಿರಲಿಲ್ಲ. ತಿದ್ದುಪಡಿ ಅರ್ಜಿ ಬರೆದು ತಂದು ಸಹಿ ಮಾಡಿ ಎಂದು ಮುಂದಿಟ್ಟವರು ಮೇಷ್ಟ್ರು.

ಆ ಸಲ ಅವರು ಪಕ್ಷ ಬಿಟ್ಟು, ಹೊನ್ನಾಳಿ ಕ್ಷೇತ್ರದಿಂದ ಪಕ್ಷೇತರರಾಗಿ ನಾಮಪತ್ರ ಕೊಡಲು ಬಂದರು. ಸಾಮಾನ್ಯ ಕ್ಷೇತ್ರದಲ್ಲಿ ಯಾರು ಬೇಕಾದರೂ ನಿಲ್ಲಬಹುದು, ಕಾನೂನಿನಲ್ಲಿ ತಡೆಯಿಲ್ಲ. ಆದರೂ ನನ್ನ ಮುಖದಲ್ಲಿ ಏನೋ ಕಂಡಿರಬೇಕು. “ಗೆಲ್ಲಾಕಲ್ಲ ಮೇಡಂ,” ಎಂದರು. “ಗೆರೆ ಎಳೆದ ಮ್ಯಾಲೆ ನಮ್ ಕೇರಿಗೆ ಓಟು ಕೇಳಾಕೆ ಯಾರೂ ಕಾಲ್ನಡಿಗ್ಯಾಗೆ ಬಂದಿಲ್ಲ. ಮೈಕಿನ ಗಾಡಿ ಬಂದು ಹೋಗ್ತೈತೆ. ಯಂತ್ರದಾಗೆ ನಮ್ಮೋರ ಹೆಸರೊಂದು ಇರ್ಲಿ ಅಂತ.”

ಪಕ್ಷೇತರರಾದರೆ ಅದೇ ಕ್ಷೇತ್ರದ ಹತ್ತು ಮಂದಿ ಮತದಾರರು ಸೂಚಕರಾಗಿ ಸಹಿ ಹಾಕಬೇಕು. ಕೊನೆಯ ದಿನ ಮಧ್ಯಾಹ್ನ ಒಂದೂವರೆಗೆ ಅವರು ಹತ್ತು ಮಂದಿಯ ಹೆಸರು ಬರೆದ ನಾಮಪತ್ರದೊಂದಿಗೆ ಬಂದರು. ಒಂಬತ್ತು ಮಂದಿ ಸಹಿ ಹಾಕಿ ಕೂಲಿಗೆ, ಹೊಲಕ್ಕೆ ಹೋಗಿದ್ದರು. ಹತ್ತನೆಯವರು ಒಬ್ಬ ಅಜ್ಜಿ. ಹೆಬ್ಬೆಟ್ಟು ಒತ್ತುವವರು ಅಧಿಕಾರಿಯ ಎದುರೇ ಒತ್ತಬೇಕೆಂದು ಅವರನ್ನು ಖುದ್ದಾಗಿ ಕರೆತಂದಿದ್ದರು. ಮೇಷ್ಟ್ರ ಹಳೆಯ ವಿದ್ಯಾರ್ಥಿಯೊಬ್ಬನ ತಾಯಿ. ಹೊಸ ಸೀರೆ ಉಟ್ಟು, ತಲೆಗೆ ಎಣ್ಣೆ ಹಚ್ಚಿ, ಮದುವೆಗೆ ಬಂದವರಂತೆ ಬಂದಿದ್ದರು. ಒಳಗೆ ಬಂದು ಹೆಬ್ಬೆಟ್ಟು ಒತ್ತಿ, ಮಸಿ ಒರೆಸಿಕೊಳ್ಳದೆ ಹೋಗಿ ಬೆಂಚಿನ ಮೇಲೆ ಕೂತರು.

ಸೂಚಕರ ಹೆಸರನ್ನು ಪಟ್ಟಿಯೊಂದಿಗೆ ತಾಳೆ ನೋಡುವುದು ನನ್ನ ಕೆಲಸ. ಒಂಬತ್ತು ಸರಿಯಾಗಿದ್ದವು. ಹತ್ತನೆಯದು ನಮ್ಮ ಪಟ್ಟಿಯಲ್ಲಿರಲಿಲ್ಲ. ನೋಡುವ ಮುಂಚೆಯೇ ನನಗೆ ಗೊತ್ತಾಗಿತ್ತು. ಆ ಅಜ್ಜಿಯ ಕೇರಿ ಮೇಷ್ಟ್ರ ಊರಿಗೆ ಕೂಗಳತೆಯ ದೂರ, ಜನರ ಬಾಯಲ್ಲಿ ಎರಡೂ ಒಂದೇ ಊರು. ಆದರೆ ದಾಖಲೆಯಲ್ಲಿ ಬೇರೆ ಗ್ರಾಮ. ಗೆರೆ ಎರಡರ ನಡುವೆ ಹೋಗಿತ್ತು. ಅಜ್ಜಿಯ ಹೆಸರು ಚನ್ನಗಿರಿ ಕ್ಷೇತ್ರದಲ್ಲಿತ್ತು.

ಹೇಳಿದೆ. ಮೇಷ್ಟ್ರು ಪಟ್ಟಿಯನ್ನು ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ. “ಹೌದಲ್ಲ, ಆ ಕೇರಿ ಆಚೆ ಕಡೆ ಹೋತು,” ಎಂದರು. “ನಾನೇ ಬರ್ಕೊಂಡಿದ್ದೆ.” ಅಷ್ಟು ವರ್ಷ ಆ ಗೆರೆಯನ್ನು ಬಾಯಿಪಾಠ ಮಾಡಿದ್ದ ಮನುಷ್ಯ, ಸಹಿ ಕೇಳಲು ಹೋದಾಗ ಅದನ್ನು ಮರೆತು, ಮೊದಲಿನಂತೆಯೇ ನಡೆದುಕೊಂಡು ಆಚೆಗೆ ಹೋಗಿಬಿಟ್ಟಿದ್ದರು.

ಮೂರು ಗಂಟೆಯ ಒಳಗೆ ಇನ್ನೊಬ್ಬರ ಸಹಿ ಸಿಕ್ಕರೆ ಸಾಕು ಎಂದೆ. ಅವರು ಹೊರಗೆ ಹೋದರು. ನನ್ನ ಕಿಟಕಿಯಿಂದ ಗೇಟು, ಅದರಾಚೆಯ ರಸ್ತೆ, ಜೆರಾಕ್ಸ್ ಅಂಗಡಿ ಕಾಣುತ್ತಿದ್ದವು. ಬೇರೆ ಅಭ್ಯರ್ಥಿಗಳ ಕಡೆಯವರು ತಡೆಗಂಬದ ಆಚೆ ಗುಂಪಾಗಿ ನಿಂತಿದ್ದರು. ಮೇಷ್ಟ್ರು ರಸ್ತೆಯ ಅಂಚಿನಲ್ಲಿ ನಿಂತು ಹೋಗುವವರನ್ನು ಮಾತಾಡಿಸುತ್ತಿದ್ದರು. ಎಲ್ಲರೂ ನಿಲ್ಲುತ್ತಿದ್ದರು. ಇಬ್ಬರು ಕಾಲಿಗೆ ನಮಸ್ಕಾರ ಮಾಡಿದ್ದನ್ನೂ ಕಂಡೆ, ಅವರ ಕೈಯಲ್ಲಿ ಓದಿದವರಿರಬೇಕು. ಕಾಗದ ತೋರಿಸಿದ ಕೂಡಲೆ ಆ ಗುಂಪಿನ ಕಡೆ ಒಂದು ಸಲ ನೋಡಿ, ಕೈ ಮುಗಿದು ಹೊರಡುತ್ತಿದ್ದರು. ಜೆರಾಕ್ಸ್ ಅಂಗಡಿಯವನು ಏನೆಂದನೆಂದು ಅವರೇ ಮುಂದೊಮ್ಮೆ ನನಗೆ ಹೇಳಿದರು. “ಓಟು ನಿಮಗೇ ಹಾಕ್ತೀನಿ ಮೇಷ್ಟ್ರೇ, ಸೈ ಒಂದು ಕೇಳಬ್ಯಾಡ್ರಿ. ಸೈ ಎಲ್ರಿಗೂ ಕಾಣ್ತೈತೆ.”

ಮೂರಕ್ಕೆ ಹತ್ತು ನಿಮಿಷ ಇರುವಾಗ ಒಳಗೆ ಬಂದರು. ಅಂಗಿ ಬೆವರಿಗೆ ಬೆನ್ನಿಗಂಟಿತ್ತು. ನನ್ನ ಮೇಜಿನ ಮುಂದೆ ನಿಂತರು. ಮೇಜಿನ ಮೇಲೆ ಪಟ್ಟಿ ಬಿಡಿಸಿಯೇ ಇತ್ತು. ಅದರಲ್ಲಿ ನನ್ನ ಹೆಸರು ಎಲ್ಲಿದೆ ಎಂದು ಅವರಿಗೆ ಗೊತ್ತಿತ್ತು, ಅದರ ಕಾಗುಣಿತ ಸರಿ ಮಾಡಿಸಿದವರೇ ಅವರು. ನನ್ನ ಕೈಯಲ್ಲಿ ಪೆನ್ನಿತ್ತು. ಸರ್ಕಾರಿ ನೌಕರಳು, ಅದೂ ಚುನಾವಣೆ ಕೆಲಸದಲ್ಲಿರುವವಳು, ಯಾವ ಅಭ್ಯರ್ಥಿಗೂ ಸೂಚಕಳಾಗುವಂತಿಲ್ಲ. ಕೇಳಿದ್ದರೆ ಇಲ್ಲ ಅನ್ನುತ್ತಿದ್ದೆ. ಅದರಲ್ಲಿ ನನಗೆ ಅನುಮಾನವಿಲ್ಲ. ಅವರು ಕೇಳಲಿಲ್ಲ. ಗೋಡೆಯ ಗಡಿಯಾರ ನೋಡಿದರು, ಕಾಗದಗಳನ್ನು ಜೋಡಿಸಿಕೊಂಡು, ಟೈಮ್ ಆತಲ್ರಿ ಮೇಡಂ ಎಂದು ಹೇಳಿ ಹೊರಗೆ ನಡೆದರು.

ಬೆಂಚಿನ ಮೇಲೆ ಕೂತಿದ್ದ ಅಜ್ಜಿ ಎದ್ದು, ಆತೇನಪ್ಪ ಎಂದು ಕೇಳಿದ್ದು ನನಗೆ ಕೇಳಿಸಿತು. ಹೋಗಿಬಂದ ಎಲ್ಲರ ಹೆಸರಿನ ಒಂದು ಕೊಂಬು ತಪ್ಪಿದರೂ ತಿದ್ದುತ್ತಿದ್ದ ಮೇಷ್ಟ್ರು ಆಗ ಹೇಳಿದ್ದು ಇಷ್ಟು: “ಆತವ್ವ. ನೀನು ಹೆಬ್ಬೆಟ್ಟು ಒತ್ತಿದ್ದಕ್ಕೇ ಆತು.”

ಅಜ್ಜಿಗೆ ಎದುರಿನ ಹೋಟೆಲಿನಲ್ಲಿ ತಿಂಡಿ ಕೊಡಿಸಿ, ಬಸ್ಸಿನಲ್ಲಿ ಕಿಟಕಿ ಪಕ್ಕ ಕೂರಿಸಿ ಕಳಿಸಿದರಂತೆ. ಮತದಾನದ ದಿನ ಅಜ್ಜಿ ತಮ್ಮ ಮತಗಟ್ಟೆಯಲ್ಲಿ ಬೆರಳಿಗೆ ಶಾಯಿ ಹಚ್ಚಿಸಿಕೊಂಡು ಯಂತ್ರದ ಮುಂದೆ ನಿಂತು, ಮೇಷ್ಟ್ರದು ಯಾವ ಗುಂಡಿ ಎಂದು ಕೇಳಿದರಂತೆ. ಅಂಥ ಹೆಸರಿಲ್ಲ ಎಂದರೆ ನಂಬಲಿಲ್ಲವಂತೆ. ನಾನೇ ಒತ್ತಿಬಂದೀನಿ, ಇರಲೇಬೇಕು ಎಂದು ವಾದಿಸಿ, ಕೊನೆಗೆ ಯಾವ ಗುಂಡಿಯನ್ನೂ ಒತ್ತದೆ ಹೊರಬಂದರಂತೆ. ಇದನ್ನು ನನಗೆ ಹೇಳಿದವರು ಆ ಮತಗಟ್ಟೆಯಲ್ಲಿದ್ದ ಶಿಕ್ಷಕಿ. ಅವರಿಗೆ ಅದೊಂದು ನಗೆಯ ಪ್ರಸಂಗ. ನಾನು ಮೇಷ್ಟ್ರಿಗೆ ಹೇಳಬಾರದೆಂದುಕೊಂಡಿದ್ದೆ, ಆದರೆ ಅವರಿಗೆ ಆಗಲೇ ತಿಳಿದಿತ್ತು. ಸೋತದ್ದಕ್ಕಾಗಲಿ, ಕ್ಷೇತ್ರ ಹೋದದ್ದಕ್ಕಾಗಲಿ, ನಾಮಪತ್ರ ಕೊಡಲಾಗದ್ದಕ್ಕಾಗಲಿ ಅವರು ತಮ್ಮನ್ನೇ ದೂರಿಕೊಂಡದ್ದು ನಾನು ಕಂಡಿರಲಿಲ್ಲ. ಅವತ್ತು ಕಂಡೆ. “ಸುಳ್ಳು ಹೇಳಬಾರದಿತ್ತು ಮೇಡಂ,” ಎಂದರು. “ಅವಳ ಓಟು ನಾನು ಕಳದೆ.”

ಆಮೇಲೆ ಅವರು ಚುನಾವಣೆಯ ಮಾತೆತ್ತಲಿಲ್ಲ. ನ್ಯಾಮತಿ ಹೊಸ ತಾಲ್ಲೂಕಾಗಿ ಅವರ ಊರು ಅದಕ್ಕೆ ಸೇರಿತು. ನಾನೂ ಇಲ್ಲಿಗೆ ಬಂದೆ. ಸಕ್ಕರೆ ಕಾಯಿಲೆ ಅವರ ಕಾಲು ಹಿಡಿದಿತ್ತು. ನಡಿಗೆ ನಿಧಾನವಾಗಿತ್ತು. ತಿದ್ದುಪಡಿಗೆಲ್ಲ ಈಗ ಮೊಬೈಲಿನಲ್ಲೇ ಅರ್ಜಿ ಹಾಕಬಹುದು 
ಎಂದು ಹೇಳಿದರೂ ಕೇಳದೆ, ವರ್ಷಕ್ಕೊಮ್ಮೆ ಕಾಗದದ ಕಟ್ಟು ತರುತ್ತಿದ್ದರು. ಕಟ್ಟು ವರ್ಷ ವರ್ಷ ತೆಳ್ಳಗಾಗುತ್ತಿತ್ತು. ತಪ್ಪುಗಳೇ ಕಡಿಮೆಯಾಗಿದ್ದವೋ, ಅವರು ಹೋಗಬಲ್ಲ ಮನೆಗಳು ಕಡಿಮೆಯಾಗಿದ್ದವೋ, ನಾನು ಕೇಳಲಿಲ್ಲ.

ಕೊನೆಯ ಸಲ ಬಂದಾಗ ಕಚೇರಿಯ ಎದುರಿನ ಅಂಗಡಿಯಲ್ಲಿ ಟೀವಿ ಹಾಕಿತ್ತು. ದೇಶದ ಕ್ಷೇತ್ರಗಳ ಗಡಿ ಮತ್ತೆ ಬದಲಾಗಲಿದೆ, ನಮ್ಮ ರಾಜ್ಯ ಸೀಟು ಕಳೆದುಕೊಳ್ಳಬಹುದು ಎಂದು ಚರ್ಚೆ ನಡೆದಿತ್ತು. ನಮ್ಮ ಶಾಖೆಯ ಎಳೆಯರು ಬಿಸಿಬಿಸಿಯಾಗಿ ಮಾತಾಡುತ್ತಿದ್ದರು. ಕಳೆದುಕೊಂಡರೆ ಏನಾಗುತ್ತದೆ ಎಂದು ಒಬ್ಬ ಇನ್ನೊಬ್ಬನನ್ನು ಕೇಳಿದ. ಪಕ್ಕದಲ್ಲಿ ಚಹ ಕುಡಿಯುತ್ತಿದ್ದವರು ಯಾರೆಂದು ಅವರಿಗೆ ಗೊತ್ತಿರಲಿಲ್ಲ. ಮೇಷ್ಟ್ರು ಲೋಟ ತೊಳೆದಿಟ್ಟು ಬಂದು, ಅವರಿಗೆ ಅನ್ನುವುದಕ್ಕಿಂತ ತಮಗೇ ಹೇಳಿಕೊಳ್ಳುವಂತೆ, “ಏನೂ ಆಗಲ್ಲ. ಎಲ್ಲಾ ಹಂಗೇ ಇರ್ತೈತೆ. ನಮ್ಮನ್ನ ಕೇಳಾಕೆ ಬರೋರು ಬರಲ್ಲ, ಅಷ್ಟೆ,” ಎಂದರು. ಎಳೆಯರು ಒಂದು ಗಳಿಗೆ ಅವರ ಮುಖ ನೋಡಿ ಮತ್ತೆ ಟೀವಿ ಕಡೆ ತಿರುಗಿದರು. ಬಸ್ಸಿನ ತನಕ ನಾನು ಜೊತೆಗೆ ಹೋದೆ. ಅದು ನಾಲ್ಕು ತಿಂಗಳ ಹಿಂದಿನ ಮಾತು.

ನಮೂನೆ ಏಳು ಬಂದ ಮೇಲಿನ ಭಾನುವಾರ ಅವರ ಊರಿಗೆ ಹೋದೆ. ಮರಣದ ಅರ್ಜಿಯಾದರೆ ಮತಗಟ್ಟೆ ಮಟ್ಟದ ಅಧಿಕಾರಿ ಹೋಗಿ ವಿಚಾರಿಸುತ್ತಾರೆ, ನಾನು ಹೋಗಬೇಕಾಗಿರಲಿಲ್ಲ. ಇಷ್ಟು ವರ್ಷದಲ್ಲಿ ಆ ಮನೆಗೆ ನಾನು ಹೋದದ್ದು ಅದೇ ಮೊದಲು. ಕೇರಿಯ ಕೊನೆಯಲ್ಲಿ ಎರಡು ಕೋಣೆಯ ತಾರಸಿ ಮನೆ. ಒಳಗೆ ಗೋಡೆಯ ಮೇಲೆ ಬುದ್ಧನ ಪಟ, ಅದರ ಕೆಳಗೆ ಮೇಷ್ಟ್ರ ಫೋಟೊ. ನರ್ಸ್ ಆಗಿರುವ ಮಗಳು ಹಿಂದಿನ ದಿನವಷ್ಟೇ ಶಿವಮೊಗ್ಗಕ್ಕೆ ಕೆಲಸಕ್ಕೆ ಮರಳಿದ್ದಳು. ಅವರ ಹೆಂಡತಿ ಒಬ್ಬರೇ ಇದ್ದರು. ಬೆಳಿಗ್ಗೆ ಹಲ್ಲುಜ್ಜುತ್ತಾ ನಿಂತಿದ್ದವರು ಹಾಗೇ ಕುಸಿದರಂತೆ, ಆಸ್ಪತ್ರೆ ಮುಟ್ಟುವ ಮುಂಚೆಯೇ ಎಲ್ಲ ಮುಗಿದಿತ್ತಂತೆ.

ನಾನು ಯಾರೆಂದು ಹೇಳುವ ಮುಂಚೆಯೇ ಆಕೆ, ಓಟಿನ ಆಫೀಸಿನ ಮೇಡಂ ಅಲ್ಲವೇ ಎಂದರು. ಮೇಷ್ಟ್ರು ಮನೆಯಲ್ಲಿ ನನ್ನ ಬಗ್ಗೆ ಮಾತಾಡುತ್ತಿದ್ದರು ಎಂಬುದು ನನಗೆ ಗೊತ್ತಿರಲಿಲ್ಲ. ಚಾಪೆ ಹಾಸಿ ಕೂರಿಸಿದರು. ಆಮೇಲೆ, ಎದುರಿಗೆ ನನ್ನ ಬದಲು ಒಂದು ಕಚೇರಿಯೇ ಕೂತಿದೆ ಅನ್ನುವ ಹಾಗೆ, ಕೈ ಜೋಡಿಸಿಕೊಂಡು ಆಕೆ ಹೇಳತೊಡಗಿದರು.

“ನಿಮಗೊಂದು ಮಾತು ಹೇಳಬೇಕ್ರಿ. ಅವರು ನಿಂತಿದ್ರಲ್ಲ, ಆವತ್ತು ನಾನು ಅವರಿಗೆ ಓಟು ಹಾಕಲಿಲ್ಲ.”

ಆಕೆ ಮೇಷ್ಟ್ರ ಫೋಟೊ ಕಡೆ ಒಮ್ಮೆ ತಿರುಗಿ ನೋಡಿದರು.

“ಮಗಳು ಸಣ್ಣೋಳು. ಗೆದ್ರೆ ಬೆಂಗ್ಳೂರಾಗೇ ಇರ್ತಾರೆ, ಮನಿಗೆ ಸಿಗಲ್ಲ ಅಂತ ಹೆದ್ರಿಕೆ ಇತ್ತು. ಸೋತ್ರೆ ತಿರುಗಿ ಸಾಲಿಗೆ ಹೋಗ್ತಾರೆ ಅನ್ಕಂಡಿದ್ದೆ. ಬಿಟ್ಟ ನೌಕರಿ ಮತ್ತೆ ಸಿಗಲ್ಲ ಅಂತ ನಂಗೇನು ಗೊತ್ತಿತ್ತು?” ಆಕೆ ಸೆರಗಿನಿಂದ ಬಾಯಿ ಒರೆಸಿಕೊಂಡರು. “ಸೋತು ಬಂದಾಗ ಅವರ ಮುಖ ನೋಡಿ, ಇರ್ಲಿ, ಮುಂದಿನ ಸಲ ಹಾಕಿದ್ರಾತು ಅನ್ಕಂಡೆ. ಮುಂದಿನ ಸಲ ಬರಲೇ ಇಲ್ಲ.”

ಒಂದು ಓಟಿನಿಂದ ಅವರು ಗೆಲ್ಲುತ್ತಿರಲಿಲ್ಲ ಎಂದು ಹೇಳಬಹುದಿತ್ತು. ಅದು ನಿಜವೂ ಆಗಿತ್ತು. ಆದರೆ ಆಕೆ ಲೆಕ್ಕದ ಮಾತು ಆಡುತ್ತಿಲ್ಲ ಎಂದು ನನಗೆ ಗೊತ್ತಿತ್ತು. ಇಷ್ಟು ವರ್ಷ ಎಲ್ಲರಿಗೂ ಹೇಳಿದ್ದು ನಿಯಮಗಳನ್ನೇ. ಕೊನೆಗೆ ಬಾಯಿಗೆ ಬಂದದ್ದೂ ಅದೇ.

“ಓಟು ಗುಟ್ಟಿನದಮ್ಮ,” ಎಂದೆ. “ಯಾರಿಗೆ ಹಾಕಿದ್ವಿ ಅಂತ ಯಾರೂ ಯಾರಿಗೂ ಹೇಳಬೇಕಾಗಿಲ್ಲ.”

ಆಕೆ ತಲೆ ಎತ್ತಿ ನನ್ನನ್ನು ನೋಡಿದರು.

“ಕ್ಷೇತ್ರ ಹೋತು ಅಂತ ಬರ್ಕೊಂಡು ಬಂದ ದಿನ ಇದನ್ನ ಅವರಿಗೆ ಹೇಳಾಕೆ ಹೋಗಿದ್ದೆ ಕಣ್ರಿ,” ಎಂದರು. “ಬಾಯಿ ತಗದೆ, ಅಷ್ಟೆ. ಪೂರ್ತಿ ಹೇಳಾಕೆ ಬಿಡಲಿಲ್ಲ. ಅವರೂ ಇದನ್ನೇ ಅಂದ್ರು.”